ಪೆಟ್ಟಿಗೆಯಲ್ಲಿ ಬಂದ ಕತ್ತಿ

ಮರ್ಕಂಜ
೧೮ ಫೆಬ್ರವರಿ ೨೦೨೫

ಭವಿತಾಳ ಅಪ್ಪನಿಗೆ,

ಪ್ರೀತಿಯ ಎಂದು ಬರೆಯಲು ಹೋದೆ, ಮನಸ್ಸು ಬರಲಿಲ್ಲ. ಹೀಗೆಯೇ ಓದಿಕೊಳ್ಳಿ. ಈಗ ನೀವು ಜೈಲಿನಲ್ಲಿದ್ದೇ ಬಿ.ಎ. ಮುಗಿಸಿದವರು, ಓದುವುದು ಕಷ್ಟವಾಗಲಿಕ್ಕಿಲ್ಲ.

ಮೊನ್ನೆ ನಿಮ್ಮ ಅಣ್ಣ ಮೇದಪ್ಪ ಭಾವ ಇಬ್ಬರನ್ನು ಕರೆದುಕೊಂಡು ಬಂದರು. ಜೈಲಿನಲ್ಲಿ ನಿಮಗೆಲ್ಲ ಪಾಠ ಮಾಡುವ ಸಂಸ್ಥೆಯವರಂತೆ. ನೀವು ತುಂಬ ಬದಲಾಗಿದ್ದೀರಿ, ಒಳ್ಳೆಯ ನಡತೆಗೆ ಬೇಗ ಬಿಡುತ್ತಾರೆ, ಹೆಂಡತಿ ಮನೆಗೆ ಸೇರಿಸಿಕೊಳ್ಳುತ್ತೇನೆ ಎಂದರೆ ಸಾಕು ಎಂದರು. ನಿಮ್ಮ ಭಾಷಣದ ವಿಡಿಯೋ ತೋರಿಸಿದರು. ಒಂದು ಕ್ಷಣದ ಕೋಪ ನಿಮ್ಮ ಬಾಳನ್ನು ಹಾಳು ಮಾಡಿತಂತೆ. ಕೂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಕತ್ತಿ ಬೀಸಿದ್ದು ಯಾರ ಮೇಲೆ ಎಂದು ಹೇಳಲು ಮಾತ್ರ ನಿಮಗೆ ಬಾಯಿ ಬರಲಿಲ್ಲ. ನೋಡಿ ಹೇಸಿಗೆಯಾಯಿತು. ಒಂದು ಕ್ಷಣವೇ? ನಾನು ಮನೆಯಿಂದ ನೀರು ಹರಿಯುವ ತೋಡಿನವರೆಗೆ ಓಡಿದ್ದೆ. ನೀವು ಅಲ್ಲಿಯವರೆಗೂ ಅಟ್ಟಿಸಿಕೊಂಡು ಬಂದಿದ್ದಿರಿ.

ಆಮೇಲೆ ಜೀಪಿನಿಂದ ಒಂದು ಪೆಟ್ಟಿಗೆ ಇಳಿಸಿದರು. ಹೊರಗೆ ಬಂದವರು ದುಡಿದು ತಿನ್ನಲಿ ಎಂದು ಕೊಡುವ ಸಾಮಾನು. ನಿಮ್ಮೂರಲ್ಲಿ ಎಂತ ಕೆಲಸ ಎಂದು ಭಾವನನ್ನು ಕೇಳಿದ್ದರಂತೆ, ಅವರು ತೋಟದ ಕೆಲಸ ಎಂದಿದ್ದಾರೆ. ಪೆಟ್ಟಿಗೆಯಲ್ಲಿ ಮರ ಹತ್ತುವ ಹಗ್ಗ, ಅದರ ಜೊತೆ ಗೊನೆ ಕಡಿಯುವ ಒಂದು ಹೊಸ ಕತ್ತಿ. ಹಿಡಿಯ ಮೇಲೆ ನಿಮ್ಮ ಹೆಸರು ಕೊರೆಸಿದ್ದಾರೆ. ಅದನ್ನು ನನ್ನ ಚಾವಡಿಯಲ್ಲಿ, ನನ್ನ ಕಾಲ ಬುಡದಲ್ಲಿ ಇಟ್ಟು, ಫೋಟೋ ತೆಗೆಯಬೇಕು, ಸ್ವಲ್ಪ ನಗಿ ಎಂದರು.

ಭವಿತಾ ಒಳಗಿನಿಂದ ಬಂದವಳು ಕತ್ತಿಯನ್ನೇ ನೋಡುತ್ತ ನಿಂತಳು. "ಅಮ್ಮ, ಇದು ಈ ಮನೆಯಲ್ಲಿ ಇದ್ದರೆ ನಾನು ಇಲ್ಲಿ ಮಲಗುದಿಲ್ಲ" ಎಂದಳು. ಅಷ್ಟೇ ಹೇಳಿದ್ದು.

ಭಾವನಿಗೆ ಅದು ಕೇಳಿಸಲೇ ಇಲ್ಲ. ನೀವು ಬಂದ ಕೂಡಲೇ ಗಂಡ ಹೆಂಡತಿ ಜೊತೆಯಲ್ಲಿ ಕೂತು ದೈವಕ್ಕೆ ಅಗೆಲಿನ ಎಡೆ ಬಡಿಸುತ್ತಾರೆ ಎಂದು ಹರಕೆ ಹೇಳಿ ಆಗಿದೆಯಂತೆ, ಇನ್ನು ಹಿಂದೆ ಸರಿಯಬಾರದಂತೆ. ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಹರಕೆ! ಹಾಗಾದರೆ ನಿಮ್ಮ ತಮ್ಮನನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎಂದೆ. ಭಾವನಿಗೆ ಆಗಲೇ ತಮ್ಮ ಮನೆ ಚಿಕ್ಕದೆಂದು ನೆನಪಾಯಿತು. ಪೆಟ್ಟಿಗೆಯನ್ನು ಅವರ ಕೈಯಲ್ಲೇ ವಾಪಸು ಕಳಿಸಿದ್ದೇನೆ.

ನೀವು ಓದಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಇನ್ನೂ ಓದಿ. ಆದರೆ ನಾನು ಒಪ್ಪುವುದಿಲ್ಲ. ಶಿಕ್ಷೆ ಪೂರ್ತಿ ಮುಗಿಸಿ. ಮುಗಿದ ಮೇಲೂ ಈ ಮನೆಯ ಮೆಟ್ಟಿಲು ಹತ್ತಬೇಡಿ.

ಇಂತಿ,
ಲೋಲಾಕ್ಷಿ

ತಾ.ಕ.: ಅಕ್ಷರ ಸೊಟ್ಟ ಎಂದು ನಗಬೇಡಿ. ಬಲಗೈಯನ್ನು ನೀವು ಆ ದಿನ ತೋಡಿನ ಬದಿಯಲ್ಲೇ ಕಡಿದಿರಿ. ಇದು ಎಡಗೈಯಲ್ಲಿ ಬರೆದದ್ದು. ಮಗಳು ಮಲಗಿದ ಮೇಲೆ ಅವಳ ಸ್ಲೇಟಿನಲ್ಲಿ ಅ, ಆ ಇಂದ ತಿದ್ದಿ ಕಲಿತೆ. ನನಗೆ ಕಲಿಸಲು ಯಾರೂ ಜೀಪು ಹತ್ತಿ ಬಂದಿರಲಿಲ್ಲ.