ಬಿಂದಿಗೆ ಹೊತ್ತಾಗ ತಲೆಯ ಮೇಲೆ ಪೇಟ ಇತ್ತೇ?

ಭಾವ,

ಜೆ.ಪಿ. ನಗರದ ಅಷ್ಟೂ ಹಂತಗಳಲ್ಲಿ ಹಳೆಗನ್ನಡದ ಕಲ್ಲು ಓದಬಲ್ಲವನು ಈಗ ನಾನೊಬ್ಬನೇ. ಮೊನ್ನೆ ದೊಡ್ಡ ದೊಡ್ಡ ಪಂಡಿತರೆಲ್ಲ ನಮ್ಮ ಗೇಟಿನ ಹೊರಗೆ ಸಾಲಾಗಿ ನಿಂತು, "ಸಾರ್, ನೀವು ಹೇಳಿದ್ದೇ ಇತಿಹಾಸ" ಎಂದು ಕೈಮುಗಿದರು. ನಗಬೇಡಿ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಚೀಲ ಮೊಳೆಗೆ ನೇತುಹಾಕಿದವನು ಎಂಬುದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲವಲ್ಲ. ಸರಿ, ಪಂಡಿತರು ಬರಲಿಲ್ಲ. ಬಂದವಳು ನಿಮ್ಮ ಮಗಳು ಭವ್ಯ. ಆದರೂ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ಮಾವನನ್ನು ಹುಡುಕಿಕೊಂಡು ಬಂದಳು ಎಂದರೆ ಸಾಮಾನ್ಯವೇ?

ನೀವು ಅಕ್ಕನ ಕೈಹಿಡಿದ ಮೊದಲ ಯುಗಾದಿಗೆ ಒಬ್ಬಟ್ಟಿನ ಎಲೆಯ ಮುಂದೆ ನಮ್ಮ ಜಗಳ ಶುರುವಾದದ್ದು ನೆನಪಿದೆಯೇ? ನಮ್ಮೂರಿಗೂ ನಿಮ್ಮೂರಿಗೂ ಹಿಂದೆ ಯಾವಾಗಲೋ ಯುದ್ಧವಾಗಿತ್ತು ಎಂಬುದರಲ್ಲಿ ತಕರಾರಿರಲಿಲ್ಲ. ಶುರು ಮಾಡಿದವರು ಯಾರು ಎಂಬುದೇ ತಕರಾರು. ನಿಮ್ಮವರು ನಮ್ಮ ದನಗಳನ್ನು ಹೊಡೆದುಕೊಂಡು ಹೋದಾಗ ನಮ್ಮ ವೀರ ಕಾದಾಡಿ ಸತ್ತ ಎನ್ನುತ್ತದೆ ನಮ್ಮ ದೇವಸ್ಥಾನದ ಹಿಂದಿನ ವೀರಗಲ್ಲು. ನಮ್ಮವರು ಕೆರೆಯ ತೂಬು ಒಡೆದು ನೀರು ಹರಿಸಿಕೊಂಡಾಗ ನಿಮ್ಮ ವೀರ ಸತ್ತ ಎನ್ನುತ್ತದೆ ನಿಮ್ಮೂರ ವೀರಗಲ್ಲು. ದನ ಮೊದಲೋ, ತೂಬು ಮೊದಲೋ? ಎರಡು ಊರುಗಳೂ ಬಡಾವಣೆಯ ಹೊಟ್ಟೆಯೊಳಗೆ ಕರಗಿದವು, ನಮ್ಮ ಜಗಳ ಕರಗಲಿಲ್ಲ. ಪಂದ್ಯ ಬೇರೆ ಕಟ್ಟಿದ್ದೆವು. ಅದು ಇಪ್ಪತ್ತು ಸಾವಿರದ ಪಂದ್ಯ ಎಂದು ಸಾರಕ್ಕಿ ಮಾರ್ಕೆಟ್ಟಿನ ಸೊಪ್ಪಿನವರಿಗೂ ಹೇಳಿಟ್ಟಿದ್ದೇನೆ.

ಈಗ ಕೇಳಿ. ಕೆರೆ ಏರಿಯ ಮೇಲೆ ಎರಡೂ ಕಲ್ಲುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಯುದ್ಧ ಹೇಗೆ ಶುರುವಾಯಿತೆಂದು ಒಂದು ಫಲಕ ಹಾಕುತ್ತಾರೆ. ಬರೆಯುವ ಕೆಲಸ ಭವ್ಯಳದು. ಅದರಲ್ಲಿ ಏನು ಕೆತ್ತುತ್ತಾರೋ ವಾಕಿಂಗ್ ಬರುವ ಜನ, ಅವರ ಮಕ್ಕಳು ಮರಿಗಳೆಲ್ಲ ಅದನ್ನೇ ನಂಬುವುದು. ನಿಮ್ಮ ಕಡೆಯಿಂದ ವಾದ ಮಾಡಲು ನೀವೇ ಇಲ್ಲ. ಇಂಥ ಅವಕಾಶ ಮತ್ತೆ ಸಿಗುತ್ತದೆಯೇ ಭಾವ?

"ಎರಡು ಕಲ್ಲೂ ಸುಳ್ಳು ಹೇಳ್ತಿಲ್ಲ ಮಾವ," ಎಂದಳು ಭವ್ಯ. "ಅವರವರ ತಪ್ಪನ್ನ ಬಿಟ್ಟು ಹೇಳ್ತಿವೆ, ಅಷ್ಟೇ. ಯಾವುದು ಮೊದಲು ಅನ್ನೋಕೆ ಬೇರೆ ಆಧಾರ ಬೇಕು."

"ನಾನಿಲ್ವಾ?"

"ಯುದ್ಧ ಆದಾಗ ನೀವು ಹುಟ್ಟಿರ್ಲಿಲ್ಲ."

ಅಕ್ಕ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು, "ಅವನನ್ನ ಬಿಟ್ರೆ ಹುಟ್ಟಿದ್ದೆ ಅಂತಾನೆ ಕಣೆ, ಹುಷಾರು," ಎಂದಳು.

ಆಗ ನಿಮ್ಮ ಬೀಗರೂಟದ ದಿನ ನೆನಪಾಯಿತು. ನಮ್ಮೂರ ಹೆಣ್ಣು ನಿಮ್ಮೂರಿಗೆ ಹೋದಾಗಲೆಲ್ಲ ಅವಳ ತಮ್ಮ ಬರಿಗಾಲಲ್ಲಿ ಬಿಂದಿಗೆ ನೀರು ಹೊತ್ತು ತಂದು ಗಂಡಿನ ಮನೆಯ ಹಂಡೆಗೆ ಸುರಿಯಬೇಕಲ್ಲವೇ? ಅದು ನಾವು ನಿಮಗೆ ಮಾಡುವ ಮರ್ಯಾದೆ ಎನ್ನುತ್ತಿದ್ದೆ ನಾನು. ನೀವು ಎಲೆಗೆ ಸುಣ್ಣ ಸವರುತ್ತ, "ಅದು ತಪ್ಪು ಕಾಣಿಕೆ ಕಣೋ. ಮೊದಲು ಕೈ ಹಾಕಿದೋರು ನಾವಾಗಿದ್ರೆ ನಾವು ನಿಮಗೆ ಕರು ಕೊಡ್ತಿದ್ವಿ. ನೀವ್ಯಾಕೆ ನೀರು ಹೊರ್ತೀರ?" ಎಂದು ಕೆಣಕುತ್ತಿದ್ದಿರಿ. "ನಮ್ಮೋರು ಧಾರಾಳಿಗಳು ಭಾವ," ಎನ್ನುವುದಲ್ಲದೆ ನನ್ನ ಬಳಿ ಬೇರೇನಿತ್ತು?

ಇತ್ತು, ಫೋಟೋ ಇತ್ತು. ನಮ್ಮ ನಡುಮನೆಯ ಗೋಡೆಯ ಮೇಲಿರುವ ಕಪ್ಪು ಬಿಳುಪಿನದು. ಹೆಗಲ ಮೇಲೆ ತಾಮ್ರದ ಬಿಂದಿಗೆ, ತಲೆಯ ಮೇಲೆ ಜರಿಪೇಟ, ದಸರಾ ಆನೆಯಂತೆ ನಾನು. ಭವ್ಯ ಅದರ ಮುಂದೆ ಬಹಳ ಹೊತ್ತು ನಿಂತಳು.

"ತಪ್ಪು ಒಪ್ಪಿಸೋಕೆ ಬರೋರು ಪೇಟ ತೆಗೆದಿಟ್ಟು ಬರ್ತಾರೆ. ನೀವು ಇಟ್ಕೊಂಡೇ ಬಂದಿದೀರ. ಅಂದ್ರೆ ಇದು ಮರ್ಯಾದೆನೇ. ಅಪ್ಪ ಹೇಳ್ತಿದ್ದಿದ್ದು..." ಎಂದು ನಿಲ್ಲಿಸಿ ಪೆನ್ನು ತೆಗೆದಳು. ಅವಳ ಧ್ವನಿ ಇಳಿದಿತ್ತು. "ಅಮ್ಮ, ನಿಂಗೇನಾದ್ರೂ ನೆನಪಿದ್ಯಾ?"

"ನಾನು ಮದುವಣಗಿತ್ತಿ, ತಲೆ ಬಗ್ಗಿಸ್ಕೊಂಡಿದ್ದೆ. ನೆಲ ಬಿಟ್ಟು ಇನ್ನೇನೂ ನೋಡ್ಲಿಲ್ಲ."

ಗೆದ್ದೆ ಭಾವ. ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಎರಡೂರ ಯುದ್ಧ ಬಂದು ನನ್ನ ಪೇಟದ ಮೇಲೆ ನಿಂತಿತ್ತು. ಎದುರಿನ ಕುರ್ಚಿಯಲ್ಲಿ ಸುಣ್ಣದ ಡಬ್ಬಿ ಹಿಡಿದು ನಗುವವರು ಇರಲಿಲ್ಲ. ಎದುರಾಳಿ ಇಲ್ಲದ ಗೆಲುವನ್ನು ಯಾರಿಗೆ ತೋರಿಸುವುದು, ನೀವೇ ಹೇಳಿ?

"ಫೋಟೋ ಸುಳ್ಳು ಕಣಮ್ಮ," ಎಂದೆ.

ಹನುಮಂತನಗರದಿಂದ ಬರಬೇಕಿದ್ದ ಫೋಟೋದವನ ಸ್ಕೂಟರ್ ದಾರಿಯಲ್ಲಿ ಕೆಟ್ಟಿತ್ತು. ಅವನು ಬರುವಷ್ಟರಲ್ಲಿ ಶಾಸ್ತ್ರ ಮುಗಿದಿತ್ತು. ಅಸಲಿ ಶಾಸ್ತ್ರದಲ್ಲಿ ನೀರು ಸುರಿಯುವಾಗ ನಮ್ಮೂರ ಹಿರಿಯರೇ, "ಪೇಟ ತೆಗಿಯೋ, ತಲೆ ಬಗ್ಸು" ಎಂದು ಗದರಿಸಿದ್ದರು. ನೀವು ಹೊಸ್ತಿಲಲ್ಲಿ ನಿಂತು ನೋಡಿದಿರಿ. ಆಮೇಲೆ ಫೋಟೋದವನಿಗೆಂದು ನಾನೇ ಪೇಟ ಏರಿಸಿ, ಖಾಲಿ ಬಿಂದಿಗೆ ಹೊತ್ತು ಇನ್ನೊಮ್ಮೆ ಬಂದೆ.

"ನಿಮ್ಮ ಮಾತನ್ನ ಹೇಗೆ ನಂಬ್ಲಿ?" ಎಂದಳು ನಿಮ್ಮ ಮಗಳು. ಎಷ್ಟಾದರೂ ನಿಮ್ಮ ರಕ್ತ.

"ಹಿಂದೆ ಹಂಡೆ ನೋಡು."

ಮೂಗು ಗಾಜಿಗೆ ತಾಗುವಂತೆ ನೋಡಿದಳು. ಹಂಡೆ ಆಗಲೇ ಭರ್ತಿ, ನೀರು ಸುರಿದಾದ ಮೇಲೆ ಹಾಕುವ ಸೇವಂತಿಗೆ ಕಂಠದ ಮಟ್ಟದಲ್ಲಿ ತೇಲುತ್ತಿದೆ. ನಾನಿನ್ನೂ ಬಿಂದಿಗೆ ಇಳಿಸಿಯೇ ಇಲ್ಲ. ಭವ್ಯ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಅಪ್ಪಂಗೆ ಗೊತ್ತಿತ್ತಲ್ಲ ಮಾವ. ಒಂದು ಸಲಾನೂ ಯಾಕೆ ಹೇಳ್ಲಿಲ್ಲ?"

ಹೌದು, ಯಾಕೆ ಹೇಳಲಿಲ್ಲ? "ಅವತ್ತು ಪೇಟ ತೆಗೆದಿದ್ದೆಯಲ್ಲೋ" ಎಂಬ ಒಂದೇ ಮಾತಿಗೆ ನಾನು ಮಕಾಡೆ ಬೀಳುತ್ತಿದ್ದೆ. ನಾಲ್ಕು ಜನರ ಎದುರು ನನ್ನ ತಲೆ ಮತ್ತೆ ಬಾಗಬಾರದು ಎಂದೇ? ಅಥವಾ ಸೋತರೆ ಮುಂದಿನ ಹಬ್ಬಕ್ಕೆ ಇವನು ನಮ್ಮ ಮನೆಗೆ...

ಭವ್ಯ ಹೀಗೆ ಬರೆದಿದ್ದಾಳೆ: ಕಲ್ಲುಗಳೆರಡೂ ತಮ್ಮ ತಮ್ಮ ಕಥೆ ಹೇಳುತ್ತವೆ, ನೀರು ಹೊರುವ ಪದ್ಧತಿಯನ್ನು ನೋಡಿದರೆ ತೂಬು ಒಡೆದದ್ದೇ ಮೊದಲಿರಬಹುದು. "ಇರಬಹುದು ಯಾಕೆ, ಅದೇ ಮೊದಲು ಅಂತ ಬರಿ" ಎಂದರೆ, "ಅಷ್ಟು ಹೇಳೋಕೆ ಆಧಾರ ಸಾಲಲ್ಲ ಮಾವ" ಎನ್ನುತ್ತಾಳೆ. ಕೆಳಗೆ ನಿಮ್ಮ ಹೆಸರು ಇರುತ್ತದೆ, ಅದರ ಪಕ್ಕ ನನ್ನದು. ನನ್ನದು ಒಂದು ಚೂರು ದಪ್ಪ ಅಕ್ಷರದಲ್ಲಿರಲಿ ಎಂದು ಹಟ ಹಿಡಿದಿದ್ದೇನೆ. ಫಲಕ ನಿಲ್ಲಿಸುವ ದಿನ ಬಿಂದಿಗೆ ಹೊರುವವನೂ ನಾನೇ. ಈ ಸಲ ತುಂಬಿದ ಬಿಂದಿಗೆ, ಬರಿ ತಲೆ.

ಪಂದ್ಯದ ಹಣವನ್ನು ಅಕ್ಕ ಆಗಲೇ ವಸೂಲಿ ಮಾಡಿ ನಿಮ್ಮ ಎಲೆಯಡಿಕೆ ತಟ್ಟೆಯಲ್ಲಿಟ್ಟಿದ್ದಾಳೆ. ಮಾರ್ಕೆಟ್ಟಿನಲ್ಲಿ ಇಪ್ಪತ್ತು ಸಾವಿರ ಸೋತೆ ಎಂದೇ ಹೇಳಿಕೊಂಡು ತಿರುಗುತ್ತಿದ್ದೇನೆ. ನಿಮ್ಮ ಹತ್ತಿರ ಏನು ಮುಚ್ಚುಮರೆ, ಪಂದ್ಯ ಕಟ್ಟಿದವರು ನಾವಿಬ್ಬರೇ. ನಾಲ್ಕಾಣೆ ಭಾವ, ನಾನು ಸೋತದ್ದು ನಾಲ್ಕಾಣೆ.