ಬೀಗಿತ್ತಿಯ ಭಾಷೆಯ ನಾಲ್ಕು ವಿಭಕ್ತಿ

ಮನೆ, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಕಾಲು ಊದಿದ್ದು ಇಳಿಯಿತೇ? ಏಳು ತಿಂಗಳು ತುಂಬಿದ ಮೇಲೆ ನಿನ್ನಮ್ಮನಿಗೂ ಹೀಗೇ ಆಗಿತ್ತು. ದಿಂಬಿನ ಮೇಲೆ ಕಾಲಿಟ್ಟು ಮಲಗಿದರೆ ಇಳಿಯುತ್ತಿತ್ತು. ಅವಳಿದ್ದಿದ್ದರೆ ಇದನ್ನೆಲ್ಲ ನಾನು ಹೇಳುವ ಗತಿ ಬರುತ್ತಿರಲಿಲ್ಲ. ಅಳಿಯಂದಿರು ಕ್ಷೇಮವೆಂದು ನಂಬಿದ್ದೇನೆ.

ಇನ್ನು ಜರ್ಮನ್ ಪಾಠದ ವಿಚಾರ. ಹೆರಿಗೆ ಹೊತ್ತಿಗೆ ಬರುತ್ತೇನೆ ಅಂದಾಗ, "ಇಲ್ಲಿ ನಿಮ್ಮ ಮಾತು ಯಾರಿಗೂ ತಿಳಿಯಲ್ಲ ಅಪ್ಪ, ಮೊದಲು ಸ್ವಲ್ಪ ಭಾಷೆ ಕಲೀರಿ, ಆಮೇಲೆ ನೋಡೋಣ" ಅಂದೆಯಲ್ಲ, ಮಾರನೆಯ ದಿನವೇ ಕ್ಲಾಸಿಗೆ ಸೇರಿದೆ. ಟೈರ್ ಅಂಗಡಿಯ ಮೇಲಿನ ಕೋಣೆ, ಕೂತರೆ ರಬ್ಬರ್ ವಾಸನೆ. ಟೀಚರಮ್ಮ ನಿನಗಿಂತ ಚಿಕ್ಕವಳು. ಪಕ್ಕದಲ್ಲಿ ಕೂರುವ ವೆಲ್ಡರ್, ಏನು ತಾತ, ಈ ವಯಸ್ಸಲ್ಲಿ ಹೆಣ್ಣು ನೋಡೋಕೆ ಹೊರಟ್ರಾ ಅಂತ ರೇಗಿಸುತ್ತಾನೆ.

ಆ ಭಾಷೆಯಲ್ಲಿ ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ಎರಡೂ ಅಲ್ಲ. ಮೆಡಿಕಲ್ ಶಾಪಿನಲ್ಲಿ ಜನ್ಮವಿಡೀ ಸೀಸೆಗಳಿಗೆ ಚೀಟಿ ಅಂಟಿಸಿದವನು ನಾನು. ಮನೆಯ ಸಾಮಾನಿಗೆಲ್ಲ ನೀಲಿ, ಕೆಂಪು, ಹಸಿರು ಚೀಟಿ ಮೆತ್ತಿಬಿಟ್ಟೆ. ವಿಭಕ್ತಿ ನಾಲ್ಕೇ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೀ, ಹಿಸ್, ಹಿಮ್ ಅಂತ ಏನೋ ಬಡಿದುಕೊಳ್ಳುತ್ತಿದ್ದರು, ಸಬ್ಜೆಕ್ಟೋ ಆಬ್ಜೆಕ್ಟೋ, ಅರ್ಧ ಮರೆತಿದೆ; ಅದನ್ನು ನಂಬಿ ಮುಗ್ಗರಿಸಿದೆ. ಕನ್ನಡವನ್ನೇ ಹಿಡಿದ ಮೇಲೆ ದಾರಿ ಸಿಕ್ಕಿತು. ಯಾರು, ಯಾರನ್ನು, ಯಾರಿಗೆ, ಯಾರ ಅಂತ ಕೇಳಿಕೊಂಡರೆ ಮುಗಿಯಿತು. ನಮ್ಮಲ್ಲಿ ಪದದ ಬಾಲ ಬದಲಾಗುತ್ತದೆ, ಅವರಲ್ಲಿ ಪದದ ಮುಂದಿನ ಟೋಪಿ. ಅಪ್ಪ ಅಂದರೆ ಡೇರ್ ಫಾಟರ್. ಅಪ್ಪನನ್ನು, ಡೇನ್ ಫಾಟರ್. ಅಪ್ಪನಿಗೆ, ಡೇಮ್ ಫಾಟರ್. ಅಪ್ಪನ ಅನ್ನುವಾಗ ಮಾತ್ರ ಡೆಸ್ ಫಾಟರ್ಸ್, ಟೋಪಿಯ ಜೊತೆ ಬಾಲವೂ. ಅಮ್ಮನ ಟೋಪಿ ಅಷ್ಟು ಬೇಗ ಕದಲುವುದಿಲ್ಲ: ಅಮ್ಮ ಅಂದರೂ ಡೀ ಮುಟರ್, ಅಮ್ಮನನ್ನು ಅಂದರೂ ಡೀ ಮುಟರ್. ಅಪ್ಪ ಮಗುವಿಗೆ ಸೇಬನ್ನು ಕೊಡುತ್ತಾನೆ: ಡೇರ್ ಫಾಟರ್ ಗಿಬ್ಟ್ ಡೇಮ್ ಕಿಂಟ್ ಡೇನ್ ಆಪ್ಫೆಲ್. ಪಾತ್ರೆ ತೊಳೆಯುತ್ತ ಇದನ್ನೇ ಹೇಳಿಕೊಳ್ಳುತ್ತಿದ್ದೆ, ಹುಟ್ಟಲಿರುವ ಮಗುವನ್ನು ನೆನೆದು. ಪರೀಕ್ಷೆ ಪಾಸಾದೆ. ನಿನಗೆ ಹೇಳಲಿಲ್ಲ; ಅಲ್ಲಿಗೇ ಬಂದಿಳಿದು ನಿನ್ನ ಅತ್ತೆಯ ಹತ್ತಿರ ನೇರವಾಗಿ ಮಾತಾಡಬೇಕು, ನೀನು ಕಣ್ಣು ಕಣ್ಣು ಬಿಡಬೇಕು ಅಂತ ಆಸೆ.

ಹೋದ ವಾರ ವಿಡಿಯೋ ಕಾಲಿನಲ್ಲಿ ನೀನು ನನ್ನ ಜೊತೆ ನಗುತ್ತ ಮಾತಾಡುತ್ತಿದ್ದೆ. ಹಿಂದಿನಿಂದ ನಿನ್ನ ಅತ್ತೆ, ನಿನ್ನಪ್ಪ ಹೆರಿಗೆಗೆ ಬರುತ್ತಾರಾ ಅಂತ ಅವರ ಭಾಷೆಯಲ್ಲಿ ಕೇಳಿದರು. ನೀನು ನನ್ನ ಮುಖ ನೋಡುತ್ತಲೇ "ನೈನ್, ಎರ್ ಇಸ್ಟ್ ಕ್ರಾಂಕ್" ಅಂದೆ. ಇಲ್ಲ, ಅವರಿಗೆ ಕಾಯಿಲೆ. ಅದೇ ನಗುವಿನಲ್ಲೇ ನನ್ನ ಕಡೆ ತಿರುಗಿ ಊಟ ಆಯ್ತಾ ಅಪ್ಪ ಅಂತ ಕೇಳಿದೆ. ನಾನು ಆಯ್ತು ಅಂದೆ.

ನನಗೆ ಜ್ವರವಿಲ್ಲ, ಕೆಮ್ಮಿಲ್ಲ, ಕೋಲಿಲ್ಲದೆ ಮಹಡಿ ಹತ್ತುತ್ತೇನೆ. ಬರಬೇಡಿ ಅಂತ ಕನ್ನಡದಲ್ಲೇ ನನಗೇ ಹೇಳಬಹುದಿತ್ತಲ್ಲ. ಇರುವುದೊಂದು ಕೋಣೆ, ಅದು ಅತ್ತೆಗೆ ಬೇಕು ಅಂದಿದ್ದರೆ ನಾನೇನು ಜಗಳ ತೆಗೆಯುತ್ತಿದ್ದೆನೇ? ತೆಗೆಯುತ್ತಿದ್ದೆ. ಆದರೂ ಅದು ಅಪ್ಪ ಮಗಳ ಜಗಳವಾಗಿರುತ್ತಿತ್ತು. ಕಲಿ ಅಂದವಳೂ ನೀನೇ, ಕಲಿಯಲಾರ ಅಂತ ನಂಬಿದವಳೂ ನೀನೇ.

ಇರಲಿ. ನೀರು ಜಾಸ್ತಿ ಕುಡಿ, ಭಾರ ಎತ್ತಬೇಡ, ಸುಖವಾಗಿ ಹೆತ್ತು ಏಳು. ಅಳಿಯಂದಿರಿಗೆ ಆಶೀರ್ವಾದ. ಬೀಗಿತ್ತಿಗೆ ನಮಸ್ಕಾರ ಹೇಳು, ಯಾವ ಭಾಷೆಯಲ್ಲಾದರೂ ಸರಿ.

ನಿನ್ನ
ಅಪ್ಪ

ತಾ.ಕ.: ಲಕೋಟೆಗೆ ಗೋಂದು ಹಚ್ಚುವಾಗ ಬೀಗಿತ್ತಿಯೇ ಫೋನ್ ಮಾಡಿದರು, ಹರುಕುಮುರುಕು ಇಂಗ್ಲಿಷಿನಲ್ಲಿ ಆರೋಗ್ಯ ವಿಚಾರಿಸೋಕೆ. ಚೆನ್ನಾಗಿದ್ದೇನೆ, ಬರುತ್ತೇನೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. "ಮೀರ್ ಗೇಟ್ ಎಸ್ ನಿಷ್ಟ್ ಗೂಟ್" ಅಂದೆ, ನನಗೆ ಹುಷಾರಿಲ್ಲ ಅಂತ. ಎಷ್ಟು ಚೆನ್ನಾಗಿ ಮಾತಾಡ್ತೀರಿ ಅಂತ ಮೆಚ್ಚಿಕೊಂಡರು. ಅವರೇನಾದರೂ ಕೇಳಿದರೆ ನೀನೂ ಅದನ್ನೇ ಹೇಳು, ಮಾತು ಬದಲಾಯಿಸಬೇಡ.