ಹೊರಕ್ಕೆ ತೆರೆಯುವ ಬಾಗಿಲು

ಮನೆ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತೇ? ಹಡಗಿನ ಮೂವತ್ತು ಜನಕ್ಕೆ ಬೇಯಿಸಿ ಬಡಿಸುವ ನೀನು ಹೊತ್ತಿಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ ಅನ್ನುವುದೇ ಅಪ್ಪನ ಚಿಂತೆ. ಅಪ್ಪ ಚೆನ್ನಾಗಿದ್ದಾರೆ ಅಂತಲೇ ಬರೆಯಬೇಕು. ಊಟ ಮಾಡುತ್ತಾರೆ, ಪೇಪರ್ ಓದುತ್ತಾರೆ, ಅದೇ ಪುಟವನ್ನು ಮತ್ತೆ ಓದುತ್ತಾರೆ. ನಾನೂ ಚೆನ್ನಾಗಿದ್ದೇನೆ. ಅಮ್ಮ ಹೋಗಿ ಆರು ವಾರವಾದರೂ ಅಳು ಬಂದಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿದೆ.

ಸೋಮವಾರದಿಂದ ಆಫೀಸಿಗೆ ಹೋಗುತ್ತಿದ್ದೇನೆ. ಮನೆ ನಕ್ಷೆ ಬರೆಯುವ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಸಿದ್ದಾರೆ. ಬಾಗಿಲು, ಕಿಟಕಿಗಳ ಡಿಫಾಲ್ಟ್ ಕೂರಿಸುವ ಕೆಲಸ ನನಗೇ ಬಂತು. ಅಂದರೆ, ಯಾರಾದರೂ ಗೋಡೆಗೊಂದು ಬಾಗಿಲು ಇಟ್ಟರೆ ಅದು ತಾನಾಗಿಯೇ ಎಷ್ಟು ಅಗಲ ಬರಬೇಕು, ಯಾವ ಕಡೆಗೆ ತೆರೆಯಬೇಕು ಅಂತ ಮೊದಲೇ ಹೇಳಿಡುವುದು. ಬೇಡವಾದವರು ಬದಲಿಸಿಕೊಳ್ಳಬಹುದು, ಯಾರೂ ಬದಲಿಸುವುದಿಲ್ಲ. ಆರು ವರ್ಷದ ಹಿಂದೆಯೂ ನಾನೇ ಕೂರಿಸಿದ್ದೆ. ಬಚ್ಚಲುಮನೆ: ಎರಡೂಕಾಲು ಅಡಿ, ಒಳಕ್ಕೆ. ಲೋಟದ ಚಹಾ ಆರುವಷ್ಟರಲ್ಲಿ ಮುಗಿದಿತ್ತು. ನಮ್ಮ ಈ ಮನೆಯ ನಕ್ಷೆಯೂ ಅದರಲ್ಲೇ ಆದದ್ದು.

ಅಮ್ಮ ಬಿದ್ದ ತಕ್ಷಣ ಹೋದಳು ಅಂತ ನಿನಗೆ ಹೇಳಿದ್ದೆವು. ಹಾಗಲ್ಲ ಅಣ್ಣಾ. ಬಚ್ಚಲಲ್ಲಿ ಬಿದ್ದದ್ದು ಬಾಗಿಲಿಗೆ ಅಡ್ಡವಾಗಿ. ಚಿಲಕ ಹಾಕಿರಲಿಲ್ಲ, ಆದರೂ ನಾಲ್ಕು ಬೆರಳಿನಷ್ಟೇ ತೆರೆಯಿತು. “ನೂಕ್ಬೇಡ ಕಣೇ, ನೋಯುತ್ತೆ” ಅಂದಳು. ಅಪ್ಪ ಕೆಳಗೋಡಿ ಬಡಗಿಯನ್ನು ಕರೆತಂದರು. ಅವನು ಹಲಗೆ ಕೊಯ್ದು ಒಳಗೆ ಇಳಿಯುವಷ್ಟರಲ್ಲಿ ಇಪ್ಪತ್ತು ನಿಮಿಷವಾಗಿತ್ತು, ಮಾತು ನಿಂತಿತ್ತು. ಆಮೇಲೆ ಅವನು ನನ್ನ ಕೆಲಸವೇನೆಂದು ಗೊತ್ತಿಲ್ಲದೆ, “ಈ ಬಾಗಿಲು ಹೊರಕ್ಕಿಟ್ಟಿದ್ರೆ ಒಂದ್ನಿಮಿಷದ ಕೆಲ್ಸ ಇತ್ತು” ಅಂದ. ನಾನು ಹೂಂ ಅಂದೆ.

ಈ ಸಲ ಮೂರು ಅಡಿ, ಹೊರಕ್ಕೆ ಅಂತ ಕೂರಿಸಿದೆ. ಕಿಟಕಿಗಳನ್ನು ಇದ್ದ ಹಾಗೇ ಬಿಟ್ಟೆ. ನಮ್ಮ ದೊಡ್ಡ ಇಂಜಿನಿಯರು ಬಂದು ನೋಡಿ, “ಓಡಾಡೋ ಜಾಗಕ್ಕೆ ಅಡ್ಡ ಬರುತ್ತಲ್ಲಮ್ಮಾ, ಯಾರಿಗಾದ್ರೂ ಹೊಡೆಯುತ್ತೆ” ಅಂದರು. “ಹೊಡೀಲಿ ಬಿಡಿ ಸಾರ್. ತೆರ್ಕೊಳ್ಳುತ್ತಲ್ಲ” ಅಂದೆ. ಅವರಿಗೆ ವಿಷಯ ಗೊತ್ತಿತ್ತು. ಡಿಫಾಲ್ಟ್ ಬದಲಿಸಿದರೆ ಮುಂದೆ ಬರೆಯುವ ಬಾಗಿಲುಗಳಷ್ಟೇ ಬದಲಾಗುತ್ತವೆ, ಹಿಂದೆ ಇಟ್ಟವು ಹಾಗೇ ಉಳಿಯುತ್ತವೆ. ಅದಕ್ಕೇ ಇರಬೇಕು, ಕುರ್ಚಿ ಎಳೆದುಕೊಂಡು ಕೂತು, “ಇನ್ನೂ ಕಟ್ಟದೇ ಇರೋ ನಕ್ಷೆ ಎಷ್ಟಿವೆ, ತೆಗಿ” ಅಂದರು. ಇಪ್ಪತ್ತಮೂರು ಇದ್ದವು. ಇಬ್ಬರೂ ಕೂತು ಒಂದೊಂದೇ ತಿದ್ದಿದೆವು. ಮುಗಿದಾಗ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಮೇಜು ಒರೆಸಿ ಮನೆಗೆ ಬಂದೆ.

ಅಪ್ಪನ ಆಶೀರ್ವಾದ ಈ ಕಾಗದದಲ್ಲೇ ಇದೆ. ಪಕ್ಕದಲ್ಲೇ ಕೂತಿದ್ದಾರೆ, ಏನು ಬರೆಯುತ್ತಿದ್ದೇನೆಂದು ಕೇಳುತ್ತಿಲ್ಲ. ಅಲೆ ಜೋರಿದ್ದಾಗ ಒಲೆಯ ಹತ್ತಿರ ಹುಷಾರು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮಿಬ್ಬರ ಜಗಳದ ಸಿಟ್ಟಿಗೆ ಅಮ್ಮ ಬಿದ್ದ ದಿನ ನಿನ್ನ ಫೋನ್ ಎತ್ತಲಿಲ್ಲ ಅಂತ ಅಪ್ಪನ ಹತ್ತಿರ ಅಂದೆಯಂತೆ. ಫೋನು ಅಡುಗೆಮನೆಯಲ್ಲಿ ಬಡಿದುಕೊಳ್ಳುತ್ತಿತ್ತು. “ಅವ್ನೇ ಇರ್ಬೇಕು ಕಣೇ, ಹೋಗು, ಎತ್ತು” ಅಂತ ಒಳಗಿಂದ ಎರಡು ಸಲ ಹೇಳಿದಳು. ಬಾಗಿಲು ಬಿಟ್ಟು ಹೋಗದೇ ಇದ್ದವಳು ನಾನು.